ನಾನು ಸುಮ್ಮನಿದ್ದು

ಪೊಲೀಸ್ ಠಾಣೆಯ ಬರವಣಿಗೆಯಲ್ಲಿ ಪೂರ್ಣವಿರಾಮ ಎಂಬುದೇ ಇರುವುದಿಲ್ಲ. ಇದು ಕೆಂಪಿಂಕಿಗೆ ಗೊತ್ತಾದದ್ದು ಮೂರನೆಯ ದಿನ, ಠಾಣೆಯ ರೈಟರ್ ಅವಳ ಹೇಳಿಕೆಯನ್ನು ಬರೆದುಕೊಳ್ಳಲು ಕುಳಿತಾಗ. ಇದ್ದು, ಹೋಗಿದ್ದು, ಮಾಡಿದ್ದು, ಬಂದಿದ್ದು. ಒಂದು ವಾಕ್ಯ ಶುರುವಾದರೆ ಎರಡು ಹಾಳೆ ದಾಟಿದರೂ ಮುಗಿಯುತ್ತಿರಲಿಲ್ಲ.

ಕೆಂಪಿಂಕು ಅವಳ ಹೆಸರಲ್ಲ, ಪ್ರೆಸ್ಸಿನಲ್ಲಿ ಬಿದ್ದ ಅಡ್ಡಹೆಸರು. ಹದಿನಾಲ್ಕು ವರ್ಷದಿಂದ ಅವಳು ಒಂದೇ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದಳು. ಸಾಲಿನ ಕೆಳಗೆ ಸ್ಕೇಲ್ ಇಟ್ಟು, ಒಂದೊಂದೇ ಅಕ್ಷರವನ್ನು ಕಣ್ಣಲ್ಲಿ ಹೆಕ್ಕಿ, ತಪ್ಪು ಸಿಕ್ಕಲ್ಲಿ ಕೆಂಪು ಗೀಟು ಎಳೆದು, ಪದ ಬಿಟ್ಟುಹೋದಲ್ಲಿ ಹಂಸಪಾದ ಹಾಕಿ ಮೇಲೆ ಸೇರಿಸುವುದು. ಒಮ್ಮೆ ಒಂದು ಶಾಲೆಯ ವರದಿಯಲ್ಲಿ ‘ಅತಿಥಿಗಳೆಲ್ಲ ಬೆಂದರು’ ಎಂದು ಅಚ್ಚಾಗುವುದರಲ್ಲಿತ್ತು. ಅವರನ್ನು ಒಲೆಯಿಂದ ಇಳಿಸಿ ‘ಬಂದರು’ ಮಾಡಿದವಳು ಇವಳೇ. ಆ ಕಥೆಯನ್ನು ಪ್ರೆಸ್ಸಿನವರು ಹೊಸದಾಗಿ ಸೇರಿದವರಿಗೆಲ್ಲ ಹೇಳಿ ನಗಿಸುತ್ತಿದ್ದರು. ಕೆಂಪಿಂಕಿನ ಕೈ ದಾಟಿದ ಹಾಳೆಯಲ್ಲಿ ತಪ್ಪಿಲ್ಲ ಎಂದು ಮಾಲೀಕರೇ ಗಿರಾಕಿಗಳ ಮುಂದೆ ಹೆಮ್ಮೆ ಪಡುತ್ತಿದ್ದರು. ಮಾಲೀಕರನ್ನು ಅಲ್ಲಿ ಯಾರೂ ಮಾಲೀಕರು ಎನ್ನುತ್ತಿರಲಿಲ್ಲ. ಹಳಬರ ಬಾಯಿಂದ ಬಂದ ರೂಢಿ, ಧಣಿ ಎಂಬುದು ಧನಿಯಾಗಿ, ಎಲ್ಲರಿಗೂ ಅವರು ‘ಧನಿಗಳು’.

ಧನಿಗಳ ಭಾವಮೈದುನ ಅಲ್ಲಿ ಮ್ಯಾನೇಜರ್. ಠಾಣೆಗೆ ಬರುವ ಹಿಂದಿನ ವಾರ, ಮಧ್ಯಾಹ್ನ ನಾಲ್ಕು ಗಂಟೆಗೆ, ಮೂರೂ ಮೆಷಿನ್‌ಗಳು ಓಡುತ್ತಿರುವಾಗ, ಹೊಸ ಪುಸ್ತಕಕ್ಕೆ ಯಾವ ಕಾಗದ ಎಂದು ನೋಡಿ ಹೇಳು ಬಾ ಎಂದು ಅವಳನ್ನು ಗೋಡೌನಿಗೆ ಕರೆದ. ಕಾಗದದ ಬಂಡಲುಗಳನ್ನು ಸೂರಿನವರೆಗೆ ಪೇರಿಸಿದ್ದ ಆ ಕೋಣೆಯಲ್ಲಿ ನಡೆಯಲು ಒಬ್ಬರಿಗಾಗುವಷ್ಟೇ ಸಂದು. ಅವನು ಬಾಗಿಲು ಹಾಕಿ ಸಂದಿಯ ಬಾಯಲ್ಲಿ ನಿಂತ. ಆಮೇಲೆ ನಡೆದದ್ದನ್ನು ಅವಳು ಹೇಳಬೇಕಾದಲ್ಲಿ ಹೇಳಿದ್ದಾಳೆ, ಒಂದಲ್ಲ, ಆರು ಸಲ ಹೇಳಿದ್ದಾಳೆ. ಏಳನೆಯ ಸಲ ನಾನೇಕೆ ಹೇಳಿಸಲಿ? ಅದು ಅತ್ಯಾಚಾರ. ಅವಳು ಬಾಯಿ ತೆರೆದಳು, ದನಿ ಹೊರಡಲಿಲ್ಲ. ಕೈ ಎತ್ತಬೇಕೆಂದುಕೊಂಡಳು, ಕೈ ತನ್ನದಲ್ಲ ಎಂಬಂತೆ ಬಿದ್ದಿತ್ತು. ಬಂಡಲಿನ ಮೇಲೆ ಅಚ್ಚಾಗಿದ್ದ ಕಾಗದದ ಅಳತೆಯನ್ನು ಅವಳು ಓದುತ್ತಿದ್ದಂತೆ ಅದು ಮುಗಿಯಿತು.

ಇಂಥದು ಕಿವಿಗೆ ಬಿದ್ದವರು ಎರಡು ಪ್ರಶ್ನೆ ಕೇಳುತ್ತಾರೆ. ಮೊದಲನೆಯದು, ಕೂಗಿದೆಯಾ? ಎರಡನೆಯದು, ಯಾಕೆ ಕೂಗಲಿಲ್ಲ? ಮೂರನೆಯ ಪ್ರಶ್ನೆ ಕೇಳುವ ತಾಳ್ಮೆ ಲೋಕಕ್ಕೆ ಇದ್ದಂತಿಲ್ಲ.

ಮೊದಲ ದಿನ ಠಾಣೆಯಲ್ಲಿ ಹೆಂಗಸರು ಯಾರೂ ಇರಲಿಲ್ಲ. ಇಂಥ ದೂರನ್ನು ಹೆಂಗಸೇ ಬರೆದುಕೊಳ್ಳಬೇಕೆಂದು ಕಾನೂನು, ನಾಳೆ ಬಾ ಎಂದರು. ಎರಡನೆಯ ದಿನ, ಪ್ರೆಸ್ಸಿನ ಮುಂಬಾಗಿಲು ನಮ್ಮ ಹದ್ದಿಗೆ ಸೇರಿದ್ದು, ಗೋಡೌನು ಇರುವ ಹಿಂಬೀದಿ ಆಚೆ ಠಾಣೆಯ ಹದ್ದಿಗೆ ಎಂದರು. ಆಚೆ ಠಾಣೆಯವರು, ನೀನು ಒಳಗೆ ಹೋದದ್ದು ಮುಂಬಾಗಿಲಿನಿಂದ ತಾನೆ ಎಂದು ತಿರುಗಿ ಅಟ್ಟಿದರು. ಜೊತೆಗಿದ್ದ ಚಿಕ್ಕಮ್ಮನಿಗೆ ರೇಗಿಹೋಯಿತು. ತಾಯಿಯಿಲ್ಲದ ಇವಳನ್ನು ಸಾಕಿದವಳು ಆಕೆ. ಹೆರಿಗೆ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷದಿಂದ ಆಯಾ, ಯಾರ ಮುಂದೆಯೂ ಬಾಯಿಗೆ ಬೀಗ ಹಾಕಿದವಳಲ್ಲ.

“ಹೊಸಿಲ ಮೇಲೆ ಏನಾದ್ರೂ ಆಗಿದ್ರೆ ಅರ್ಧ ಅರ್ಧ ಹಂಚ್ಕೋತಿದ್ರಾ ನೀವಿಬ್ರೂ?” ಎಂದು ಆಕೆ ಅಲ್ಲೇ ಕೇಳಿದಳು.

ಮೂರನೆಯ ದಿನ ಮೊದಲ ಠಾಣೆಯವರೇ ಟ್ರಾಫಿಕ್ ಡ್ಯೂಟಿಯಿಂದ ಒಬ್ಬ ಮಹಿಳಾ ಪೇದೆಯನ್ನು ಕರೆಸಿದ್ದರು. ಅವಳ ಕತ್ತಿನಲ್ಲಿ ಸೀಟಿ ಇನ್ನೂ ನೇತಾಡುತ್ತಿತ್ತು. ಅವಳು ಮೂಲೆಯ ಸ್ಟೂಲಿನ ಮೇಲೆ ಕುಳಿತು ಗೋಡೆ ನೋಡಿದಳು. ಬರೆದದ್ದೆಲ್ಲ ರೈಟರೇ. ಕೊನೆಯಲ್ಲಿ ‘ನಾನು ಬರೆದುಕೊಂಡಿರುತ್ತೇನೆ’ ಎಂಬುದರ ಕೆಳಗೆ ಸಹಿ ಹಾಕುವುದಷ್ಟೇ ಅವಳ ಕೆಲಸ.

ಆ ಕೋಣೆಯನ್ನು ಕಟ್ಟಿದವನು ಮನುಷ್ಯರನ್ನು ಕೂರಿಸಲೆಂದು ಕಟ್ಟಿರಲಿಲ್ಲ. ಮೂರು ಕಡೆ ಕಡತದ ಬೀರುಗಳು, ನಡುವೆ ರೈಟರ್‌ನ ಮೇಜು. ಕೆಂಪಿಂಕಿಗೆ ಕೊಟ್ಟ ಕುರ್ಚಿ ಮೇಜಿಗೂ ಬೀರುವಿಗೂ ನಡುವಿನ ಸಂದಿಯಲ್ಲಿ. ರೈಟರ್ ಎದ್ದು ದಾರಿ ಬಿಟ್ಟರೆ ಮಾತ್ರ ಅವಳು ಆಚೆ ಬರಬಹುದು. ಕಟ್ಟುಕಟ್ಟಾಗಿ ಸೂರಿನವರೆಗೆ ಪೇರಿಸಿದ ಕಾಗದ ನೋಡಿ ಅವಳು ನೀರು ಬೇಕೆಂದಳು. ಆಮೇಲೆ ಕುಡಿಯೋವಂತೆ ಎಂದ.

ರೈಟರ್ ಕೆಟ್ಟವನಲ್ಲ, ಅದನ್ನೂ ಹೇಳಿಬಿಡಬೇಕು. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಅವನು ಬರೆಯದ ದೂರಿಲ್ಲ. ದನ ಕಳೆದರೂ ಜನ ಕಳೆದರೂ ಒಂದೇ ಭಾಷೆ, ಮತ್ತು ಆ ಭಾಷೆಯ ಬಗ್ಗೆ ಅವನಿಗೆ ಬಲು ಅಭಿಮಾನ. ನೀವು ಆಡುವ ಹಾಗೆ ಬರೆದರೆ ಕೋರ್ಟಿನಲ್ಲಿ ನಿಲ್ಲೋದಿಲ್ಲಮ್ಮ ಎಂದು ಅವನು ಅಕ್ಕರೆಯಿಂದಲೇ ಹೇಳುತ್ತಿದ್ದ.

“ಕೂಗಿದ್ಯಾ?” ಎಂದ.

“ಇಲ್ಲ ಸಾರ್.”

“ಹೊಡೆದ್ಯಾ? ಪರಚಿದ್ಯಾ?”

“ಇಲ್ಲ. ಆಗ್ಲಿಲ್ಲ.”

“ಅಂದ್ರೆ ಸುಮ್ಮನಿದ್ದೆ.”

“ಸುಮ್ಮನೆ ಇರ್ಲಿಲ್ಲ ಸಾರ್.”

“ಏನಮ್ಮ, ಕೂಗ್ಲೂ ಇಲ್ಲ, ಸುಮ್ಮನೂ ಇರ್ಲಿಲ್ಲ ಅಂದ್ರೆ ಹೇಗೆ? ಎರಡ್ರಲ್ಲಿ ಒಂದು ಹೇಳು.”

ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ ತಡೆಯಲಾರದೆ ಬಾಯಿ ಹಾಕಿದಳು. “ನಮ್ಮ ವಾರ್ಡಿಗೆ ಬಂದು ನೋಡಿ ಸಾರ್. ಹೆರಿಗೆ ನೋವಲ್ಲಿ ಕೆಲವ್ರು ಊರೆಲ್ಲ ಕೇಳೋ ಹಾಗೆ ಕೂಗ್ತಾರೆ. ಕೆಲವ್ರಿಗೆ ದನೀನೇ ಬರಲ್ಲ, ಕಣ್ಣು ಬಿಟ್ಕೊಂಡು ಬಿದ್ದಿರ್ತಾರೆ. ಅಂಥವ್ರ ಕಾಗದದಲ್ಲಿ ನೋವೇ ಇರ್ಲಿಲ್ಲ ಅಂತ ಡಾಕ್ಟ್ರು ಬರೀತಾರಾ?”

“ಅಮ್ಮಾ, ನೀವು ಹೊರಗೆ ಇರಿ,” ಎಂದ ರೈಟರ್. ಬಾಗಿಲು ಮುಚ್ಚಿತು.

ಬರೆದು ಮುಗಿಸಿ ಅವನು ಹಾಳೆಗಳನ್ನು ಅವಳ ಕಡೆ ತಿರುಗಿಸಿದ. ಕೆಳಗೆ ‘ಓದಿ ಹೇಳಲಾಗಿ ಕೇಳಿ ತಿಳಿದುಕೊಂಡಿದ್ದು ಸರಿಯಾಗಿರುತ್ತದೆ’ ಎಂದು ಆಗಲೇ ಬರೆದಾಗಿತ್ತು. ಯಾರೂ ಏನೂ ಓದಿ ಹೇಳಿರಲಿಲ್ಲ.

“ಸಹಿ ಹಾಕಮ್ಮ.”

“ಓದ್ತೀನಿ ಸಾರ್.”

ಅವನಿಗೆ ಅದು ವಿಚಿತ್ರವಾಗಿ ಕಂಡಿತು. ಆದರೂ ಓದು ಎಂದ.

ಅವಳು ಓದಿದಳು. ನಾನು ಮೇಲ್ಕಂಡ ವಿಳಾಸದಲ್ಲಿ ವಾಸವಾಗಿದ್ದು, ಸದರಿ ಪ್ರೆಸ್ಸಿನಲ್ಲಿ ಕೆಲಸ ಮಾಡಿಕೊಂಡಿದ್ದು, ಸದರಿ ದಿನ ಗೋಡೌನಿಗೆ ಹೋಗಿದ್ದು, ಸದರಿ ಮ್ಯಾನೇಜರ್ ಬಾಗಿಲು ಹಾಕಿದ್ದು, ನನ್ನ ಮೇಲೆ ಬಲಾತ್ಕಾರ ಮಾಡುವಾಗ ನಾನು ಸುಮ್ಮನಿದ್ದು, ನಂತರ ಮನೆಗೆ ಹೋಗಿದ್ದು. ಆ ಪದ ಅಲ್ಲಿ ಕುಳಿತಿತ್ತು. ಊಟ ಮಾಡಿದ್ದು, ಬಸ್ಸು ಹತ್ತಿದ್ದು ಎಂಬಂತೆ, ಎರಡು ಅಲ್ಪವಿರಾಮಗಳ ನಡುವೆ, ಸುಮ್ಮನಿದ್ದು.

ಅದರ ಬೆಲೆ ಅವಳಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಕಾನೂನು ವಿದ್ಯಾರ್ಥಿಗಳ ಕೈಪಿಡಿಯೊಂದರ ಕರಡು ತಿದ್ದಿದ್ದಳು. ‘ಪ್ರತಿಭಟಿಸಲಿಲ್ಲ ಎಂಬ ಮಾತ್ರಕ್ಕೆ ಅದು ಒಪ್ಪಿಗೆ ಅಲ್ಲ’ ಎಂಬ ಸಾಲಿನಲ್ಲಿ ಕಂಪೋಸ್ ಮಾಡಿದವನು ‘ಅಲ್ಲ’ವನ್ನೇ ನುಂಗಿದ್ದ. ಹಂಸಪಾದ ಹಾಕಿ ಸೇರಿಸಿದ್ದು ಅವಳೇ. ಪುಸ್ತಕದಲ್ಲಿ ಒಂದು ಪದ ಸೇರಿಸುವುದು ಅಷ್ಟು ಸುಲಭವಾಗಿತ್ತು.

ಆಗ ಅವಳಿಂದ ಒಂದು ತಪ್ಪಾಯಿತು. ಅವಳಂಥವಳು ಮಾತ್ರ ಮಾಡಬಹುದಾದ ತಪ್ಪು. ಕೈ ತಾನಾಗಿಯೇ ಬ್ಯಾಗಿಗೆ ಹೋಯಿತು, ಕೆಂಪು ಪೆನ್ನು ಹೊರಬಂತು. ‘ಸುಮ್ಮನಿದ್ದು’ ಮೇಲೆ ಗೀಟು ಬಿತ್ತು. ಅಷ್ಟಕ್ಕೆ ನಿಲ್ಲಬೇಕಿತ್ತು. ಹದಿನಾಲ್ಕು ವರ್ಷದ ಅಭ್ಯಾಸ ನಿಲ್ಲಲು ಬಿಡಲಿಲ್ಲ. ‘ಭಾಗಿಲು’ ಇದ್ದದ್ದು ಬಾಗಿಲು ಆಯಿತು, ‘ಮದ್ಯಾಹ್ನ’ದ ಹೊಟ್ಟೆ ಸೀಳಿ ಮಧ್ಯಾಹ್ನ ಮಾಡಿದಳು. ಹೊಟ್ಟೆ ಸೀಳಿದರೆ ಮಹಾಪ್ರಾಣ, ಸೀಳದಿದ್ದರೆ ಅಲ್ಪಪ್ರಾಣ ಎಂದು ಮೇಷ್ಟರು ಕಿವಿ ಹಿಂಡಿ ಕಲಿಸಿದ್ದನ್ನು ಯಾರಾದರೂ ಮರೆಯುತ್ತಾರೆಯೇ. ರೈಟರ್ ತಲೆ ಎತ್ತುವಷ್ಟರಲ್ಲಿ ಹಾಳೆಯ ಮೇಲೆ ಹನ್ನೊಂದು ಕಡೆ ಕೆಂಪು ಬಿದ್ದಿತ್ತು.

“ಏಯ್! ಏನ್ ಮಾಡ್ತಿದ್ದೀಯ? ಇದು ಸರ್ಕಾರಿ ದಾಖಲೆ ಕಣಮ್ಮ!”

“ತಪ್ಪಿತ್ತು ಸಾರ್, ಅದಕ್ಕೆ…”

“ನಾನು ಬರೆದದ್ರಲ್ಲಿ ತಪ್ಪು ಹಿಡಿಯೋಕೆ ಬಂದ್ಯಾ? ಇಷ್ಟೆಲ್ಲ ಬರುತ್ತೆ, ಆವತ್ತು ಬಾಯಿ ಬಿಡೋಕೆ ಬರ್ಲಿಲ್ವಾ ನಿಂಗೆ?”

ಅವನಿಗೂ ಆ ಮಾತು ಹೆಚ್ಚಾಯಿತು ಎನ್ನಿಸಿರಬೇಕು, ಮುಖ ಆಚೆ ತಿರುಗಿಸಿದ. ಆದರೆ ಕೆಂಪು ಬಿದ್ದ ಹಾಳೆಗಳನ್ನು ಹರಿದು ಹಾಕಲಿಲ್ಲ, ಮಡಿಸಿ ಕಡತದೊಳಗೆ ಇಟ್ಟ. ಠಾಣೆಯಲ್ಲಿ ಯಾವ ಕಾಗದವೂ ಸಾಯುವುದಿಲ್ಲ. ಇನ್ನೊಮ್ಮೆ ಗೀಚಿದರೆ ದೂರೇ ಇಲ್ಲ, ಮನೆಗೆ ಹೋಗಬಹುದು ಎಂದು ಹೇಳಿ, ಸಾಹೇಬರು ಕರೆದರೆಂದು ಎದ್ದು ಹೋದ.

ಚಿಕ್ಕಮ್ಮ ಒಳಗೆ ಬಂದಳು. ಹೊರಗೆ ನಿಂತು ನಿಂತು ಆಕೆಯ ಕಾಲು ಬಾತಿತ್ತು. ಧನಿಗಳ ಹೆಂಡತಿಯ ಫೋನು ಬೇರೆ ಬಂದಿತ್ತಂತೆ, ಮನೆ ಮಾತು ಬೀದಿಗೆ ಯಾಕೆ ಎಂದು.

“ಮಗಾ,” ಎಂದಳು, “ಒಂದು ಪದ ತಾನೆ. ಹಾಕಿಬಿಡು ಸಹಿ. ಮಿಕ್ಕಿದ್ದೆಲ್ಲ ಇದೆಯಲ್ಲ ಅದ್ರಲ್ಲಿ.”

“ಆ ಒಂದು ಪದದಲ್ಲೇ ಅವ್ನು ಆಚೆ ಬರ್ತಾನೆ ಚಿಕ್ಕಮ್ಮ. ನಾನು ಒಳಗೇ ಉಳ್ಕೋತೀನಿ.”

ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಕೆ ಅಳುವುದನ್ನು ಕೆಂಪಿಂಕು ಹುಟ್ಟಿದಾಗಿನಿಂದ ಎರಡೇ ಸಲ ನೋಡಿದ್ದಳು, ಇದು ಮೂರನೆಯದು. ಸಹಿ ಹಾಕಿದರೆ ಸುಳ್ಳು, ಹಾಕದಿದ್ದರೆ ದೂರೇ ಇಲ್ಲ. ಅವನು ನಾಳೆಯೂ ಪ್ರೆಸ್ಸಿನ ಗಾಜಿನ ಕೋಣೆಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂರುತ್ತಾನೆ. ಕೆಂಪಿಂಕು ಮೂಲೆಯ ಕಡೆ ತಿರುಗಿದಳು.

“ಅಕ್ಕಾ, ‘ನಾನು ಬರೆದುಕೊಂಡಿರುತ್ತೇನೆ’ ಅಂತ ಸಹಿ ಹಾಕೋದು ನೀವಲ್ವಾ? ಹಾಗಾದ್ರೆ ನೀವೇ ಬರೀರಿ.”

ಪೇದೆ ಬೆಚ್ಚಿದಳು. “ನಂಗೆ ಆ ಭಾಷೆ ಬರಲ್ಲಮ್ಮ. ಸದರಿ ಗಿದರಿ ಎಲ್ಲ.”

“ನಾನು ಹೇಳಿದ ಹಾಗೆ ಬರೀರಿ. ಅಷ್ಟೇ ಸಾಕು.”

ಪೇದೆ ಬಾಗಿಲು ನೋಡಿದಳು. ಕತ್ತಿನ ಸೀಟಿಯನ್ನು ತೆಗೆದು ಜೇಬಿಗೆ ಹಾಕಿಕೊಂಡಳು. ರೈಟರ್‌ನ ಕುರ್ಚಿಯಲ್ಲಿ ಕುಳಿತು ಹೊಸ ಹಾಳೆ ಎಳೆದುಕೊಂಡಳು. ಅಕ್ಷರ ದಪ್ಪ, ಸಾಲು ಸೊಟ್ಟ, ಪೆನ್ನನ್ನು ಒತ್ತಿ ಹಿಡಿದು ಶಾಲೆಯ ಮಕ್ಕಳಂತೆ ಬರೆದಳು. ಒಂದು ಮಾತು ಮುಗಿದಲ್ಲೆಲ್ಲ ಪೂರ್ಣವಿರಾಮ ಇಟ್ಟಳು. ಅವನು ಬಾಗಿಲು ಹಾಕಿದ. ಮೈ ಮರಗಟ್ಟಿತು. ನಾನು ಕೂಗಲು ಬಾಯಿ ತೆರೆದೆ.

ಕೊನೆಗೆ ಹಾಳೆ ಅವಳ ಕೈಗೆ ಬಂದಾಗ ರೈಟರ್ ಹಿಂತಿರುಗಿ ಬಾಗಿಲಲ್ಲಿ ನಿಂತಿದ್ದ, ಅವನ ಹಿಂದೆ ಇನ್ಸ್‌ಪೆಕ್ಟರ್. ಸಾಹೇಬರಿಗೆ ಎಲ್ಲಿಗೋ ಹೋಗಲು ತಡವಾಗಿತ್ತು. “ಹೆಂಗಸೇ ಬರೆದಿದ್ದಾಳಲ್ರೀ, ಇನ್ನೇನು? ಗೀಚದೆ ಸಹಿ ಹಾಕಿದ್ರೆ ತಗೊಳ್ಳಿ, ಇಲ್ಲಾಂದ್ರೆ ಕಳಿಸಿ,” ಎಂದರು.

ಅವಳು ಓದಿದಳು. ತಪ್ಪುಗಳು ಸಾಲು ಸಾಲಾಗಿದ್ದವು. ಕಾಗದ ‘ಕಾಗಧ’ ಆಗಿತ್ತು. ನಾಲ್ಕನೆಯ ಸಾಲಿನಲ್ಲಿ, ನಾನು ಕೂಗಲು ಬಾಯಿ ತೆರೆದೆ, ‘ಧನಿ ಬರಲಿಲ್ಲ.’ ಅವಳಿಗೆ ಅದು ಕಾಣಲಿಲ್ಲವೇ? ಕಂಡಿತು, ಎಲ್ಲಕ್ಕಿಂತ ಮೊದಲು ಕಂಡಿತು. ದನಿ ಎಂದರೆ ಧ್ವನಿ, ಧನಿ ಎಂದರೆ ಒಡೆಯ. ಆ ಹೊಟ್ಟೆ ಸೀಳನ್ನು ಒರೆಸಿದರೆ ಗೀಚಿದಂತೆ. ಗೀಚಿದರೆ ಮನೆಗೆ. ಓದುವವರಿಗೆ ಅರ್ಥವಾಗದಿರುತ್ತದೆಯೇ ಎಂದುಕೊಂಡಳು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ, ತಪ್ಪು ತುಂಬಿದ ಹಾಳೆಯ ಕೆಳಗೆ ತಿದ್ದದೆ ಸಹಿ ಹಾಕಿದಳು. ಮಾತು ನಿಜವಿತ್ತಲ್ಲ, ಅಕ್ಷರ ಹಾಳಾಗಿ ಹೋಗಲಿ.

ಕೇಸು ಕೋರ್ಟಿಗೆ ಬರುವಷ್ಟರಲ್ಲಿ ಒಂದು ವರ್ಷ ಎಂಟು ತಿಂಗಳಾಗಿತ್ತು. ಪ್ರೆಸ್ಸಿನ ಕೆಲಸ ಹೋಗಿತ್ತು. ಮ್ಯಾನೇಜರ್ ಜಾಮೀನಿನ ಮೇಲೆ ಹೊರಗಿದ್ದ, ಸ್ವಲ್ಪ ದಪ್ಪಗಾಗಿದ್ದ. ಬಾಗಿಲು ಮುಚ್ಚಿದ ಕೋರ್ಟು, ಒಳಗೆ ಏಳೆಂಟು ಜನ. ಸಾಕ್ಷಿಯ ಕಟಕಟೆಗೆ ಮೂರು ಕಡೆ ಮರದ ಅಡ್ಡಗಟ್ಟೆ. ನಾಲ್ಕನೆಯ ಕಡೆ ಒಬ್ಬ ಜವಾನ.

ಅವನ ಪರ ವಕೀಲ ದನಿ ಏರಿಸುವವನಲ್ಲ. ಅಮ್ಮ, ತಾಯಿ ಎಂದೇ ಮಾತು. ಮೊದಲು ಮಡಿಕೆ ಬಿದ್ದ ಹಾಳೆಯೊಂದನ್ನು ತೋರಿಸಿದ.

“ಈ ಕೆಂಪು ಗುರುತುಗಳೆಲ್ಲ ನಿಮ್ಮವೇ ಅಲ್ವಾ?”

“ಹೌದು.”

“ಪೊಲೀಸ್ ಠಾಣೆಯಲ್ಲೂ ಹನ್ನೊಂದು ತಪ್ಪು ತಿದ್ದಿದ್ದೀರಿ. ನಿಮ್ಮ ಕಣ್ಣಿಗೆ ಒಂದು ಅಕ್ಷರ ತಪ್ಪಿ ಹೋಗೋಲ್ಲ.”

“ಕೆಲಸ ಅದೇ ಸಾರ್.”

“ಸಂತೋಷ. ಈಗ ಇದು ನೀವು ಪೂರ್ತಿ ಓದಿ, ಒಂದು ಗೀಟೂ ಹಾಕದೆ ಸಹಿ ಮಾಡಿದ ಹೇಳಿಕೆ. ‘ಬಾಯಿ ತೆರೆದೆ, ಧನಿ ಬರಲಿಲ್ಲ.’ ನಿಮ್ಮ ಪ್ರೆಸ್ಸಿನಲ್ಲಿ ಧನಿ ಅಂದ್ರೆ ಯಾರಮ್ಮ?”

ಅವಳಿಗೆ ಎಲ್ಲವೂ ಒಮ್ಮೆಗೇ ಕಂಡಿತು. ಆ ಹಾಳೆಯಲ್ಲಿ ತಿದ್ದಿದ್ದು ತಪ್ಪು, ಈ ಹಾಳೆಯಲ್ಲಿ ತಿದ್ದದಿದ್ದದ್ದು ತಪ್ಪು. ಒಂದು ಬಾಗಿಲನ್ನು ತಾನೇ ಹಾಕಿಕೊಂಡಿದ್ದಳು, ಇನ್ನೊಂದನ್ನೂ ತಾನೇ.

“ಮಾಲೀಕರು,” ಎಂದಳು.

“ಅಂದ್ರೆ ಆ ದಿನ ನೀವು ಗೋಡೌನಿಗೆ ಹೋದದ್ದು ಮಾಲೀಕರು ಬರ್ತಾರೆ ಅಂತ. ಅವರು ಬರಲಿಲ್ಲ. ಇವರು ಬಂದರು, ನೀವು ಸುಮ್ಮನಿದ್ರಿ. ಆಮೇಲೆ ಅದರ ಸಿಟ್ಟು ಇವರ ಮೇಲೆ. ಸರೀನಾ ತಾಯಿ? ತಪ್ಪಾಗಿದ್ದಿದ್ರೆ ನೀವು ತಿದ್ದದೆ ಬಿಡ್ತಿದ್ರಾ?”

ಅವಳು ಉತ್ತರ ಹೇಳಲು ಬಾಯಿ ತೆರೆದಳು. ದನಿ ಹೊರಡಲಿಲ್ಲ. ಅದೇ. ಗೋಡೌನಿನಲ್ಲಿ ಆದದ್ದೇ. ಕೈ ಕಟಕಟೆಯ ಮೇಲೆ ಯಾರದೋ ಕೈಯಂತೆ ಬಿದ್ದಿತ್ತು. ಎದುರಿಗೆ ಮ್ಯಾನೇಜರ್ ತಲೆ ತಗ್ಗಿಸಿ ಉಗುರು ನೋಡಿಕೊಳ್ಳುತ್ತಿದ್ದ. ಹೆದರಿಕೆ ಎಂದರೆ ಇಷ್ಟೇ, ಹಾಳು ಮೈ ನಮ್ಮ ಮಾತು ಕೇಳುವುದಿಲ್ಲ.

“ಉತ್ತರ ಹೇಳಿ ತಾಯಿ,” ಎಂದ ವಕೀಲ. ಕಾದ. ಎಲ್ಲರೂ ಕಾದರು.

ನ್ಯಾಯಾಧೀಶರು ವಯಸ್ಸಾದ ಹೆಂಗಸು. ಕನ್ನಡಕದ ಮೇಲಿನಿಂದ ನೋಡಿ, ಒಂದು ನಿಮಿಷ ಬಿಟ್ಟು, ಟೈಪಿಸ್ಟ್ ಕಡೆ ತಿರುಗಿದರು.

“ಬರ್ಕೊಳ್ಳಿ. ‘ಈ ಪ್ರಶ್ನೆಗೆ ಸಾಕ್ಷಿ ಸುಮ್ಮನಿದ್ದಾರೆ.’”

ಕೀಲಿಗಳು ಟಕಟಕ ಎಂದವು. ಆ ಪದ ಮತ್ತೆ ಬಂದು ಕೂರುತ್ತಿತ್ತು, ಅದೂ ಅವಳ ಕಣ್ಣೆದುರಿಗೆ, ಜಡ್ಜ್ ಬಾಯಿಂದಲೇ. ಕೆಂಪಿಂಕಿನ ಮೈ ಉರಿಯಿತು. ಯಾರದೋ ಎನ್ನಿಸಿದ್ದ ಕೈ ಮೆಲ್ಲಗೆ ಎದ್ದಿತು, ಬ್ಯಾಗಿನೊಳಗೆ ಹೋಯಿತು. ಕೆಂಪು ಪೆನ್ನು ಸಿಕ್ಕಿತು. ಕಾಗದ ಸಿಗಲಿಲ್ಲ. ಎಡಗೈಯ ಮೇಲೆ ಬರೆದಳು, ಮೊದಲು ಒಂದು ಹಂಸಪಾದ, ಅದರ ಮೇಲೆ ಎರಡು ಪದ. ಕೈಯನ್ನು ಜಡ್ಜ್ ಕಡೆ ಚಾಚಿ ಹಿಡಿದಳು.

ವಕೀಲ ಏನೋ ಆಕ್ಷೇಪಣೆ ಎತ್ತಿದ. ನ್ಯಾಯಾಧೀಶರು ಕೈಸನ್ನೆ ಮಾಡಿ ಅವನನ್ನು ಕೂರಿಸಿದರು, ಮುಂದೆ ಬಾಗಿದರು.

“‘ದನಿ ಬರುತ್ತಿಲ್ಲ,’” ಎಂದು ಗಟ್ಟಿಯಾಗಿ ಓದಿದರು.

ನ್ಯಾಯಾಧೀಶರು ಪೇದೆ ಬರೆದ ಹಾಳೆಯನ್ನು ಎತ್ತಿಕೊಂಡು ನಾಲ್ಕನೆಯ ಸಾಲನ್ನು ನೋಡಿದರು. ಅವಳ ಕೈಯನ್ನು ನೋಡಿದರು. ತೆರೆದೇ ಇದ್ದ ಅವಳ ಬಾಯಿಯನ್ನು ಬಹಳ ಹೊತ್ತು ನೋಡಿದರು.

“ಹಿಂದಿನ ವಾಕ್ಯ ತೆಗೀರಿ,” ಎಂದರು ಟೈಪಿಸ್ಟ್‌ಗೆ. “‘ಸಾಕ್ಷಿ ಬಾಯಿ ತೆರೆದರು. ಅವರಿಗೆ ದನಿ ಬರಲಿಲ್ಲ. ಇದನ್ನು ನ್ಯಾಯಾಲಯ ಕಣ್ಣಾರೆ ಕಂಡಿದೆ.’ ಹಾಗೆ ಬರೀರಿ.”

ಟೈಪಿಸ್ಟ್ ಹೊಸಬ, ಎಚ್ಚರದ ಮನುಷ್ಯ. ಬೆರಳು ಕೀಲಿಯ ಮೇಲೆ ಇಟ್ಟು ನಿಲ್ಲಿಸಿದ. “ಯಾವ ದ ಮೇಡಂ?” ಎಂದು ಕೇಳಿದ.

ಯಾರಾದರೂ ಹೇಳುವ ಮುಂಚೆ ಕಟಕಟೆಯಿಂದ ಒಂದು ಸದ್ದು ಬಂತು. ಮೊದಲು ಅದು ಮಾತು ಎಂದು ಯಾರಿಗೂ ತಿಳಿಯಲಿಲ್ಲ, ಅಷ್ಟು ಒಣಗಿತ್ತು.

“ಅಲ್ಪಪ್ರಾಣ,” ಎಂದಳು ಕೆಂಪಿಂಕು. “ಹೊಟ್ಟೆ ಸೀಳಬೇಡಿ.”

ಟೈಪಿಸ್ಟ್ ಹಾಗೆಯೇ ಹೊಡೆದ. ಪೂರ್ಣವಿರಾಮ ಹಾಕಿದ್ದು ಅವಳಿಗೆ ಕೇಳಿಸಿತು. ವಕೀಲ ಕಡತದ ಮುಂದಿನ ಹಾಳೆ ತಿರುಗಿಸಿದ, ಅವನ ಬಳಿ ಇನ್ನೂ ಬಹಳ ಪ್ರಶ್ನೆಗಳಿದ್ದವು. ಅವಳು ಪೆನ್ನಿನ ಮುಚ್ಚಳ ಹಾಕದೆ ಕಟಕಟೆಯಲ್ಲಿ ನಿಂತಿದ್ದಳು.